ಆಗಸ್ಟ್ ಒಂದರ ಗಂಟು: ಕಾರವಾರದ ಒಂದು ಮಾರ್ಗದರ್ಶನ ಪ್ರಕರಣ

ಮೂರು ಸಂಗತಿಗಳು ಒಂದೇ ತಿಂಗಳಿಗೆ ಬಂದು ಬಿದ್ದ ಪ್ರಕರಣ ಇದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ 1ಕ್ಕೆ ನಿಷೇಧ ಮುಗಿಯುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-3, ಅಂದರೆ ಆ ವರ್ಷದ ಮೂರನೇ ಅವಕಾಶ, ನಡೆದದ್ದು ಅದೇ ಆಗಸ್ಟಿನ ಮೊದಲ ವಾರದಲ್ಲಿ. ಕಾರವಾರದ ಯುವಜನ ಟ್ರಸ್ಟ್ ಒಂದರಲ್ಲಿ ಮಾರ್ಗದರ್ಶಿಯಾಗಿದ್ದ ಇಂಟರ್ನ್‌ನ 16 ವಾರಗಳು ಮುಗಿದದ್ದು ಅದೇ ತಿಂಗಳ 24ಕ್ಕೆ. ಬೋಟು ಕರೆಯುವ ಹೊತ್ತಿಗೆ ಪರೀಕ್ಷೆ, ಪರೀಕ್ಷೆ ಮುಗಿಯುವ ಹೊತ್ತಿಗೆ ಮಾರ್ಗದರ್ಶಿಯ ನಿರ್ಗಮನ. ನಡುವೆ ಹದಿನಾರು ವರ್ಷದ ಒಬ್ಬ ಹುಡುಗ.

ಈ ಹುಡುಗ, ಇಂಟರ್ನ್, ಟ್ರಸ್ಟ್ ಯಾವುದೂ ಒಂದೇ ಕಡೆಯವಲ್ಲ. ಕರಾವಳಿಯ ಯುವ ಕೇಂದ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಕೂಡಿಸಿ, ತರಬೇತಿಗೆಂದು ಕಟ್ಟಿದ ಪ್ರಕರಣ. ಅದನ್ನು 2024ರ ದಿನಗಳ ಮೇಲೆ ಕೂರಿಸಲು ಕಾರಣವಿದೆ: ಶಿರೂರಿನ ಗುಡ್ಡ ಕುಸಿದದ್ದೂ ಕಾಳಿ ಸೇತುವೆ ಬಿದ್ದದ್ದೂ ಆ ವರ್ಷವೇ. ಮಳೆಗಾಲದ ಕೆಲಸದ ಯೋಜನೆ ಎಲ್ಲಿ ಹರಿಯುತ್ತದೆ ಎಂಬುದು ಆ ವರ್ಷದಷ್ಟು ಸ್ಪಷ್ಟವಾಗಿ ಬೇರೆ ವರ್ಷ ಕಾಣುವುದಿಲ್ಲ.

ಯಾರು, ಎಲ್ಲಿ

ಟ್ರಸ್ಟ್ ಚಿಕ್ಕದು. ಬಂದರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೋಣೆ, ಒಂದು ಜಗುಲಿ. ಪೂರ್ಣಾವಧಿಗೆ ಇರುವುದು ಒಬ್ಬರೇ, ಮೇಲ್ವಿಚಾರಕಿ. ಉಳಿದವರು ಸಂಜೆ ಬಂದು ಹೋಗುವ ಸ್ವಯಂಸೇವಕರು. 12ರಿಂದ 18ರ ಹುಡುಗ ಹುಡುಗಿಯರಿಗೆ ಓದಿನ ಸಹಾಯ, ಆಟ, ಮುಂದಿನ ದಾರಿ ಹುಡುಕುವ ಮಾತು. ಇಂಥ ಕಡೆ ಇಂಟರ್ನ್ ಎಂದರೆ ಒಬ್ಬ ಹೆಚ್ಚುವರಿ ಕೆಲಸಗಾರ ಸಿಕ್ಕ ಹಾಗೆ. ತೊಂದರೆ ಹುಟ್ಟುವುದೂ ಅಲ್ಲಿಂದಲೇ, ಏಕೆಂದರೆ ಕಲಿಯಲು ಬಂದವನ ಮೇಲೆ ಸಂಸ್ಥೆಯ ತೂಕವೆಲ್ಲ ಬೀಳುತ್ತದೆ.

ಹುಡುಗ ಮಾರ್ಚ್-ಏಪ್ರಿಲ್‌ನ ಪರೀಕ್ಷೆ-1ರಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಅನುತ್ತೀರ್ಣ. ತಂದೆ ಇಲ್ಲ. ತಾಯಿ ಮೀನು ಮಾರುತ್ತಾರೆ. ಅವರ ಮಾತು ಕೊಂಕಣಿ, ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮನೆಯ ದೊಡ್ಡ ತೀರ್ಮಾನಗಳು ತಾಯಿಯ ಅಣ್ಣನವು. ಆತ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಹುಡುಗ ಸೀಸನ್ನಿನಲ್ಲಿ ಬೆಳಗಿನ ಜಾವ ಬಂದರಿನಲ್ಲಿ ಮೀನು ವಿಂಗಡಿಸುವ, ಐಸ್ ಹೊರುವ ಕೆಲಸಕ್ಕೆ ಹೋಗುತ್ತಿದ್ದ.

ಇಂಟರ್ನ್ ಶಿರಸಿ ಕಡೆಯವನು, ಸಮಾಜಕಾರ್ಯ ಪದವಿಯ ವಿದ್ಯಾರ್ಥಿ. ಕೊಂಕಣಿ ಬಾರದು. ಘಟ್ಟದ ಮೇಲಿನವನಿಗೆ ಬಂದರಿನ ಹೊತ್ತುಗೊತ್ತು ತಿಳಿದಿರುವುದಿಲ್ಲ. ಇದು ಅವನ ತಪ್ಪಲ್ಲ, ಆದರೆ ಮೊದಲ ವಾರದಲ್ಲೇ ಕಲಿಸಬೇಕಾದ ವಿಷಯ: ಬೋಟು ಯಾವಾಗ ಬರುತ್ತದೆ, ತಾಯಂದಿರು ಯಾವ ಹೊತ್ತಿಗೆ ಪೇಟೆಯಲ್ಲಿರುತ್ತಾರೆ, ಯಾವ ಹೊತ್ತಿಗೆ ಮನೆ ಬಾಗಿಲು ತಟ್ಟಿದರೆ ನಿದ್ದೆ ಕೆಡಿಸಿದಂತೆ.

ಜೋಡಿಸುವ ಮೊದಲು

ಕಾಗದಪತ್ರಗಳನ್ನು ಟ್ರಸ್ಟ್ ಸರಿಯಾಗಿಯೇ ಮಾಡಿತ್ತು. ಇಂಟರ್ನ್‌ನ ಗುರುತಿನ ಚೀಟಿ, ಕಾಲೇಜಿನ ಪತ್ರ, ಅವನನ್ನು ಬಲ್ಲ ಇಬ್ಬರ ಜೊತೆ ಫೋನಿನಲ್ಲಿ ಮಾತು, ಪೊಲೀಸ್ ಪರಿಶೀಲನೆ, ಮಕ್ಕಳ ರಕ್ಷಣಾ ನೀತಿಗೆ ಸಹಿ. ತಾಯಿಯ ಒಪ್ಪಿಗೆ ಪತ್ರವನ್ನು ಕೊಂಕಣಿಯಲ್ಲಿ ಓದಿ ಹೇಳಿ ಹೆಬ್ಬೆಟ್ಟು ಪಡೆಯಲಾಗಿತ್ತು. ಫೋಟೊ ತೆಗೆಯಲು ಒಪ್ಪಿಗೆ ಬೇರೆ ಹಾಳೆಯಲ್ಲಿತ್ತು, ತಾಯಿ ಅದಕ್ಕೆ ಬೇಡವೆಂದರು, ಹಾಗೇ ಬರೆದುಕೊಂಡರು. ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದರೆ ಮೊದಲನೆಯದು ಬೇಕಾದವರು ಎರಡನೆಯದಕ್ಕೂ ತಲೆಯಾಡಿಸುತ್ತಾರೆ. ಹಾಗೆ ಸಿಕ್ಕಿದ್ದು ಒಪ್ಪಿಗೆಯಲ್ಲ.

ಭೇಟಿಯ ಜಾಗದ ನಿಯಮ: ನಾಲ್ಕು ಜನರಿಗೆ ಕಾಣಬೇಕು, ಆದರೆ ಮಾತು ಕೇಳಬಾರದು. ಟ್ರಸ್ಟಿನ ಜಗುಲಿ ಸರಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಮೂಲೆಯ ಮೇಜು ಸರಿ. ಇಂಟರ್ನ್ ಬಾಡಿಗೆಗಿರುವ ಕೋಣೆ, ಬೈಕಿನ ಹಿಂದಿನ ಸೀಟು, ಕತ್ತಲಾದ ಮೇಲೆ ಕಡಲ ದಂಡೆ ಸರಿಯಲ್ಲ. ವಾರಕ್ಕೆ ಎರಡು ಭೇಟಿ, ಒಂದೊಂದು 75 ನಿಮಿಷ. ಮೇಲ್ವಿಚಾರಕಿಯ ಜೊತೆ ಇಂಟರ್ನ್‌ಗೆ ವಾರಕ್ಕೆ ಒಂದು ಗಂಟೆ.

ಮುರಿದ ನಿಯಮ ಒಂದೇ. ಹೊಸಬರನ್ನು ಮೊದಲ ಮೂರು ವಾರ ಗುಂಪಿನಲ್ಲಿಯೇ ಇಡಬೇಕು: ವಾಲಿಬಾಲ್, ಕೇರಂ, ಪುಸ್ತಕದ ಕಪಾಟು ಜೋಡಿಸುವುದು. ಯಾರು ಯಾರ ಪಕ್ಕ ತಾವಾಗಿ ಬಂದು ಕೂರುತ್ತಾರೆ ಎಂದು ನೋಡಿಯೇ ಜೋಡಿ ಮಾಡಬೇಕು. ಮೇ 9ಕ್ಕೆ ಫಲಿತಾಂಶ ಬಂದಿತ್ತು, ಜೂನ್ ಮಧ್ಯದಲ್ಲಿ ಪರೀಕ್ಷೆ-2 ಇತ್ತು. ದಿನ ಕಡಿಮೆ ಎಂದು ಎರಡನೇ ವಾರದಲ್ಲೇ ಇಬ್ಬರನ್ನೂ ಜೋಡಿಸಿದರು. ಆ ಅವಸರಕ್ಕೆ ಕಾರಣವಿತ್ತು, ಆದರೆ ಸಂಬಂಧ ಯಾವ ಬಣ್ಣ ಪಡೆಯಿತು ಎಂಬುದು ಅಲ್ಲೇ ತೀರ್ಮಾನವಾಯಿತು.

ಟ್ಯೂಷನ್ ಆಗಿಬಿಟ್ಟ ಮಾರ್ಗದರ್ಶನ

ಮೊದಲ ದಿನದಿಂದಲೇ ಗಣಿತದ ಪುಸ್ತಕ ನಡುವೆ ಬಂತು. ಹುಡುಗನಿಗೆ ಇಂಟರ್ನ್ ಇನ್ನೊಬ್ಬ ಮೇಷ್ಟ್ರಾದ, "ಸರ್" ಆದ. ಶಾಲೆಯಲ್ಲಿ ಸೋತವನ ಮುಂದೆ ಮತ್ತೊಬ್ಬ ಸರ್ ಕುಳಿತರೆ ಆತ ಮಾಡುವುದು ಒಂದೇ: ಅರ್ಥವಾಯಿತೆಂದು ತಲೆಯಾಡಿಸುವುದು. ಎರಡು ವಾರದ ಟಿಪ್ಪಣಿಗಳಲ್ಲಿ "ಚೆನ್ನಾಗಿ ಸ್ಪಂದಿಸಿದ" ಎಂದೇ ಬರೆದಿತ್ತು. ಮೇಲ್ವಿಚಾರಕಿ ಕೇಳಿದ ಒಂದು ಪ್ರಶ್ನೆಗೆ ಇಂಟರ್ನ್ ಬಳಿ ಉತ್ತರವಿರಲಿಲ್ಲ: ಈ ಎರಡು ವಾರದಲ್ಲಿ ಹುಡುಗ ತಾನಾಗಿ ಎತ್ತಿದ ಮಾತು ಯಾವುದು?

ಅಲ್ಲಿಂದ ಟಿಪ್ಪಣಿ ಬರೆಯುವ ಕ್ರಮ ಬದಲಾಯಿತು. ಭೇಟಿ ಮುಗಿದ ದಿನವೇ ಅರ್ಧ ಪುಟ, ಮೂರು ತುಂಡು. ಕಂಡದ್ದು ಮತ್ತು ಕೇಳಿದ್ದು, ಹುಡುಗನ ಮಾತು ಅವನದೇ ಶಬ್ದಗಳಲ್ಲಿ. ಮಾಡಿದ್ದು. ಅನಿಸಿದ್ದು. ಮೂರನೆಯದನ್ನು ಮೊದಲನೆಯದರ ಜೊತೆ ಬೆರೆಸಬಾರದು. "ಬೇಸರದಲ್ಲಿದ್ದ" ಎಂಬುದು ಅನಿಸಿಕೆ. "ಪುಸ್ತಕ ತೆರೆಯಲಿಲ್ಲ, ಎರಡು ಸಲ ಬಾಗಿಲ ಕಡೆ ನೋಡಿದ" ಎಂಬುದು ಕಂಡದ್ದು. ಮರುದಿನ ಬರೆದರೆ ಕಂಡದ್ದು ಮರೆತು ಅನಿಸಿದ್ದಷ್ಟೇ ಉಳಿದಿರುತ್ತದೆ.

ಭೇಟಿಯ ಸಮಯವನ್ನೂ ಒಡೆದರು. ಮೊದಲ 20 ನಿಮಿಷ ಪುಸ್ತಕವಿಲ್ಲ. ಅದರ ನಂತರ 40 ನಿಮಿಷ ಓದು. ಕೊನೆಯ 15 ನಿಮಿಷ ಮುಂದಿನ ಭೇಟಿಯ ಮಾತು, ಚಹಾ. ಆ ಮೊದಲ 20 ನಿಮಿಷದಲ್ಲಿ ಹೊರಬಿದ್ದ ಸಂಗತಿ ಓದಿಗೂ ಉಪಯೋಗವಾಯಿತು. ಬೋಟಿನ ಲೆಕ್ಕ ಹುಡುಗನಿಗೆ ಬಾಯಿಪಾಠ. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ರೇಷನ್ ಖರ್ಚು ಕಳೆದು, ಉಳಿದದ್ದರಲ್ಲಿ ಮಾಲೀಕನ ಪಾಲು, ತಾಂಡೇಲನ ಪಾಲು, ಖಲಾಸಿಗಳ (ಬೋಟಿನ ಕೆಲಸಗಾರರ) ಪಾಲು ಎಷ್ಟೆಂದು ಕಾಗದವಿಲ್ಲದೆ ಹೇಳುತ್ತಿದ್ದ. ಅವನಿಗೆ ಬಾರದಿದ್ದುದು ಲೆಕ್ಕವಲ್ಲ, ಲೆಕ್ಕದ ಕನ್ನಡ. "ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿ" ಎಂಬ ತಲೆಬರಹ ಕಂಡೊಡನೆ ಪುಟ ತಿರುಗಿಸುತ್ತಿದ್ದ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ. ಕಾರವಾರದ ಎಷ್ಟೋ ಮಕ್ಕಳ ಗಣಿತದ ತೊಡಕು ಇಲ್ಲಿಯೇ ಇದೆ, ಅದನ್ನು ದಡ್ಡತನವೆಂದು ಓದುವವರೇ ಹೆಚ್ಚು.

ಪಾಲಿನ ಲೆಕ್ಕವನ್ನೇ ಎರಡು ಸಾಲಿನ ಪ್ರಶ್ನೆಯಾಗಿ ಬರೆಯುವುದು, ಆಮೇಲೆ ಅದಕ್ಕೆ ಎಕ್ಸ್, ವೈ ಇಡುವುದು, ಕೊನೆಗೆ ಪುಸ್ತಕದ ಪ್ರಶ್ನೆಗೆ ಬರುವುದು ಎಂಬ ಕ್ರಮ ಕೆಲಸ ಮಾಡಿತು. ಪಾಠಗಳನ್ನೂ ಆರಿಸಿಕೊಂಡರು: ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವುದು, ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಥೇಲ್ಸ್ ಪ್ರಮೇಯದ ಸಾಧನೆ. ಇವು ಅಭ್ಯಾಸದಿಂದ ಕೈಗೆ ಹತ್ತುವಂಥವು. ಎಲ್ಲ ಪಾಠವನ್ನೂ ಮುಟ್ಟಲು ಹೋಗಿದ್ದರೆ ಯಾವುದೂ ನಿಲ್ಲುತ್ತಿರಲಿಲ್ಲ.

ಪರೀಕ್ಷೆ-2ರಲ್ಲಿ ವಿಜ್ಞಾನ ಪಾಸಾಯಿತು. ಗಣಿತ ಉಳಿಯಿತು.

ರಿಚಾರ್ಜ್, ರಾತ್ರಿಯ ಮೆಸೇಜು, ಗುಟ್ಟು

ಎಲ್ಲ ಇಂಟರ್ನ್‌ಗಳೂ ಎಡವುವ ಮೂರು ಕಡೆ ಇವು, ಒಂದಕ್ಕೊಂದು ಕೊಂಡಿಯಂತೆ ಸೇರಿಕೊಂಡೇ ಬರುತ್ತವೆ.

ಜೂನ್ ಕೊನೆಯಲ್ಲಿ ಹುಡುಗನ ಫೋನಿನಲ್ಲಿ ಹಣವಿಲ್ಲವೆಂದು ಇಂಟರ್ನ್ ತನ್ನ ಕೈಯಿಂದ ರಿಚಾರ್ಜ್ ಮಾಡಿಸಿದ. ನಿಷೇಧದ ಕಾಲ, ಮನೆಯಲ್ಲಿ ಆದಾಯವಿಲ್ಲ, ಕೊಟ್ಟವನ ಮನಸ್ಸು ಒಳ್ಳೆಯದೇ. ಮುಂದಿನ ತಿಂಗಳು ಹುಡುಗ ಕೇಳಲಿಲ್ಲ, ಆದರೆ ಕಾದ. ಇಂಟರ್ನ್ ಮತ್ತೆ ಮಾಡಿಸಿದ, ಮೇಲ್ವಿಚಾರಕಿಗೆ ಹೇಳಲಿಲ್ಲ. ಹೀಗೆ ಇಬ್ಬರ ನಡುವೆ ಸಂಸ್ಥೆಗೆ ಗೊತ್ತಿಲ್ಲದ ಒಂದು ಸಾಲ ಹುಟ್ಟಿತು. ಸಾಲ ತೀರಿಸಲಾಗದವನು ಮಾತನ್ನು ತೂಗಿ ಆಡತೊಡಗುತ್ತಾನೆ, "ಇಲ್ಲ" ಎನ್ನಲು ಹಿಂಜರಿಯುತ್ತಾನೆ. ಹಣವನ್ನು ನಿಷೇಧಿಸಿಬಿಡುವುದು ಪರಿಹಾರವಲ್ಲ. ಕೊಡುವುದಿದ್ದರೆ ಟ್ರಸ್ಟಿನ ಚಿಲ್ಲರೆ ಖರ್ಚಿನ ಪುಸ್ತಕದ ಮೂಲಕ, ಎಲ್ಲ ಮಕ್ಕಳಿಗೂ ಒಂದೇ ನಿಯಮದಲ್ಲಿ, ತಾಯಿಗೆ ತಿಳಿಸಿ ಕೊಡಬೇಕು.

ರಿಚಾರ್ಜ್ ಆದ ಫೋನಿನಿಂದ ಮೆಸೇಜುಗಳು ಬರತೊಡಗಿದವು. ರಾತ್ರಿ ಹನ್ನೊಂದು, ಹನ್ನೆರಡು. ಇಂಟರ್ನ್ ಉತ್ತರಿಸುತ್ತಿದ್ದ. ಜುಲೈ ಮೊದಲ ವಾರದ ಒಂದು ರಾತ್ರಿ ಹುಡುಗ ಬರೆದ: "ಅಣ್ಣಾ, ಒಂದು ವಿಷಯ ಹೇಳ್ತೆ. ಯಾರಿಗೂ ಹೇಳ್ಬೇಡ." ಇಂಟರ್ನ್ ಆಯ್ತು ಎಂದ. ಬಂದರಿನಲ್ಲಿ ರಾತ್ರಿ ಕೆಲಸಕ್ಕೆ ಹೋದಾಗ ದೊಡ್ಡವರು ತನಗೆ ಗುಟ್ಕಾ, ಒಮ್ಮೊಮ್ಮೆ ಸಾರಾಯಿ ಕೊಡುತ್ತಾರೆ, ಬೇಡವೆಂದರೆ ನಗುತ್ತಾರೆ ಎಂಬುದು ವಿಷಯ.

ಗುಟ್ಟು ಕಾಯುತ್ತೇನೆಂದು ಮಾತು ಕೊಡುವ ಅಧಿಕಾರ ಮಾರ್ಗದರ್ಶಿಗೆ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಮಗುವಿಗೆ ಮದ್ಯ, ತಂಬಾಕು ಕೊಡುವುದು ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ವಿಷಯ ಲೈಂಗಿಕ ದೌರ್ಜನ್ಯದ್ದಾಗಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ತಿಳಿದ ಪ್ರತಿಯೊಬ್ಬರ ಕರ್ತವ್ಯ, ಮುಚ್ಚಿಟ್ಟವರಿಗೂ ಶಿಕ್ಷೆಯಿದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಹೇಳಿಡಬೇಕಾದ ಮಾತು ಹೀಗಿದೆ: "ನೀನು ಹೇಳಿದ್ದನ್ನು ಊರೆಲ್ಲ ಹೇಳೂದಿಲ್ಲ. ಆದ್ರೆ ನಿಂಗೆ ಅಥವಾ ಬೇರೆಯವ್ರಿಗೆ ಅಪಾಯ ಇದೆ ಅನಿಸಿದ್ರೆ ಟೀಚರಿಗೆ (ಮೇಲ್ವಿಚಾರಕಿಗೆ) ಹೇಳ್ತೆ. ಹೇಳುವ ಮೊದ್ಲು ನಿಂಗೆ ತಿಳಿಸ್ತೆ." ಈ ಮಾತನ್ನು ಮೊದಲ ದಿನ ಹೇಳಿದರೆ ನಿಯಮ. ಗುಟ್ಟು ಕೇಳಿದ ಮೇಲೆ ಹೇಳಿದರೆ ದ್ರೋಹ.

ಇಂಟರ್ನ್ ಮರುದಿನ ಬೆಳಿಗ್ಗೆ ಮೇಲ್ವಿಚಾರಕಿಗೆ ಮೆಸೇಜ್ ತೋರಿಸಿದ, ಇದು ಸರಿಯಾದ ಹೆಜ್ಜೆ. ಅವರು ಅದೇ ದಿನ ಹುಡುಗನನ್ನು ಕೂರಿಸಿಕೊಂಡು, ಇಂಟರ್ನ್ ಎದುರಿನಲ್ಲೇ, ಯಾರಿಗೆ ಏನು ಹೇಳಲಾಗುತ್ತದೆ ಎಂದು ವಿವರಿಸಿದರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ, ಅವರ ಸಲಹೆಯನ್ನು ದಿನಾಂಕ ಸಮೇತ ಫೈಲಿನಲ್ಲಿ ಬರೆದರು. ಹುಡುಗ ಒಂದು ವಾರ ಮುಖ ಊದಿಸಿಕೊಂಡಿದ್ದ, ಆದರೆ ಬರುವುದು ಬಿಡಲಿಲ್ಲ. ಫೋನಿನ ವಿಷಯದಲ್ಲಿ ಹೊಸ ನಿಯಮ ಬಂತು: ಮಾತು, ಮೆಸೇಜು ಟ್ರಸ್ಟಿನ ನಂಬರಿನಿಂದ ಮಾತ್ರ, ಬೆಳಿಗ್ಗೆ 9ರಿಂದ ಸಂಜೆ 7. ರಾತ್ರಿ ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸೇವೆಯ 112, ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್‌ನ 14416. ಈ ಮೂರು ನಂಬರುಗಳನ್ನು ಹುಡುಗನ ಫೋನಿನಲ್ಲಿ ಅವನ ಕೈಯಿಂದಲೇ ಸೇವ್ ಮಾಡಿಸಿದರು. ಗೋಡೆಗೆ ಅಂಟಿಸಿದ ನಂಬರು ರಾತ್ರಿ ಹನ್ನೆರಡಕ್ಕೆ ಯಾರಿಗೂ ಕಾಣುವುದಿಲ್ಲ.

ಜುಲೈ 16

ವಾರಾಂತ್ಯಕ್ಕೆ ಊರಿಗೆ ಹೋಗಿದ್ದ ಇಂಟರ್ನ್ ಶಿರಸಿಯಿಂದ ಕುಮಟಾ, ಅಂಕೋಲಾ ಮಾರ್ಗವಾಗಿ ಕಾರವಾರಕ್ಕೆ ಮರಳಬೇಕಿತ್ತು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಜೀವಗಳು ಹೋದವು, ರಸ್ತೆ ಬಹುದಿನ ಮುಚ್ಚಿತು. ಇಂಟರ್ನ್ ಮನೆಯಲ್ಲೇ ಉಳಿದ. ಅವನು ಸುರಕ್ಷಿತನೆಂದು ಮೇಲ್ವಿಚಾರಕಿಗೆ ಒಂಬತ್ತೂವರೆಗೆ ಗೊತ್ತಾಯಿತು. ಹುಡುಗನಿಗೆ ಗೊತ್ತಾದದ್ದು ಮರುದಿನ ಸಂಜೆ. ನಡುವೆ ಅವನು ಇಂಟರ್ನ್‌ನ ಸ್ವಂತ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದ್ದ. ಹೊಸ ನಿಯಮದಂತೆ ಅದು ಉತ್ತರ ಕೊಡುತ್ತಿರಲಿಲ್ಲ. ಆ ರಸ್ತೆಯಲ್ಲೇ ಬರುವವನು ಎಂದು ಗೊತ್ತಿದ್ದ ಹುಡುಗ ಒಂದೂವರೆ ದಿನ ಏನೆಂದುಕೊಂಡಿರಬೇಕು! ನಿಯಮ ಮಾಡಿದಾಗ ಅದರ ಇನ್ನೊಂದು ತುದಿಯನ್ನು ಯಾರೂ ಕಟ್ಟಿರಲಿಲ್ಲ. ಸ್ವಂತ ನಂಬರು ಮುಚ್ಚಿದ ಮೇಲೆ, ಮಾರ್ಗದರ್ಶಿಗೆ ಏನಾದರೂ ಆದಾಗ ಒಂದು ಗಂಟೆಯೊಳಗೆ ಅವನ ಮಕ್ಕಳಿಗೆ ತಿಳಿಸುವ ಹೊಣೆ ಒಬ್ಬರ ಹೆಸರಿನಲ್ಲಿ ಬರೆದಿರಬೇಕು.

ಇನ್ನೊಂದು ಹಾನಿ ಕೂದಲೆಳೆಯಲ್ಲಿ ತಪ್ಪಿತು. ಪರೀಕ್ಷೆ-3ಕ್ಕೆ ಹೆಸರು ನೋಂದಾಯಿಸಬೇಕಿದ್ದದ್ದು ಹುಡುಗ ಓದಿದ ಶಾಲೆಯ ಮೂಲಕ, ಪರೀಕ್ಷೆ-2ರ ಫಲಿತಾಂಶದ ಬೆನ್ನಿಗೆ ಸಿಕ್ಕ ಕೆಲವೇ ದಿನಗಳಲ್ಲಿ. ನೋಂದಣಿ ಸಂಖ್ಯೆ, ಹಿಂದಿನ ಪ್ರವೇಶ ಪತ್ರದ ಚಿತ್ರ, ಶಾಲೆಯಲ್ಲಿ ಯಾರನ್ನು ಕೇಳಬೇಕೆಂಬ ವಿವರ ಎಲ್ಲ ಇದ್ದದ್ದು ಇಂಟರ್ನ್‌ನ ಫೋನಿನಲ್ಲಿ. ಮಳೆಗೆ ಶಾಲೆಗಳಿಗೆ ರಜೆ ಬೇರೆ. ಮೇಲ್ವಿಚಾರಕಿ ತಾಯಿಯನ್ನು ಕರೆದುಕೊಂಡು ಶಾಲೆಗೆ ಹೋಗಿ ಕೊನೆಗಳಿಗೆಯಲ್ಲಿ ಮುಗಿಸಿದರು. ಆಮೇಲೆ ಪ್ರತಿ ಹುಡುಗನ ಫೈಲಿನ ಒಳಮೈಗೆ ಒಂದು ಹಾಳೆ ಅಂಟಿಸುವ ಪದ್ಧತಿ ಬಂತು: ನೋಂದಣಿ ಸಂಖ್ಯೆ, ಶಾಲೆ, ಬಾಕಿ ವಿಷಯಗಳು, ಮುಂದಿನ ಕೊನೆಯ ದಿನಾಂಕ, ಮನೆಯಲ್ಲಿ ಯಾರ ಜೊತೆ ಮಾತಾಡಬೇಕು, ಯಾವ ಭಾಷೆಯಲ್ಲಿ. ಕೈಬರಹದಲ್ಲಿ. ಕರೆಂಟು ಮೂರು ದಿನ ಹೋಗುವ ಊರಿನಲ್ಲಿ ಕಂಪ್ಯೂಟರಿನ ಫೈಲನ್ನಷ್ಟೇ ನಂಬುವಂತಿಲ್ಲ.

ಮಾವನ ಜೊತೆ ಮಾತು

ತಾಯಿಯ ಜೊತೆ ಇಂಟರ್ನ್ ಎರಡು ಸಲ ಮಾತಾಡಿದ್ದ, ಹುಡುಗನನ್ನೇ ದುಭಾಷಿ ಮಾಡಿಕೊಂಡು. ತನ್ನ ಬಗೆಗಿನ ಮಾತನ್ನು ತಾನೇ ಅನುವಾದಿಸುವವನು ತನಗೆ ಬೇಕಾದಷ್ಟನ್ನೇ ದಾಟಿಸುತ್ತಾನೆ. "ಮಾವ ಬೋಟಿಗೆ ಕರೀತಾ ಇದ್ದಾನೆ" ಎಂದು ತಾಯಿ ಹೇಳಿದ್ದು ಇಂಟರ್ನ್‌ಗೆ ತಲುಪಲೇ ಇಲ್ಲ. ಮೂರನೇ ಭೇಟಿಗೆ ಕೊಂಕಣಿ ಬಲ್ಲ ಸ್ವಯಂಸೇವಕಿಯೊಬ್ಬರು ಬಂದಾಗ ವಿಷಯ ಹೊರಬಂತು.

ತಾಂಡೇಲನನ್ನು ಕಾಣಲು ಒಳ್ಳೆಯ ಕಾಲ ನಿಷೇಧದ ತಿಂಗಳುಗಳು. ಬೋಟುಗಳು ಬೈತಕೋಲ ಬಂದರಿನ ದಕ್ಕೆಯಲ್ಲಿ ನಿಂತಿರುತ್ತವೆ, ಬಣ್ಣ ಹಚ್ಚುತ್ತಾರೆ, ಎಂಜಿನ್ ಬಿಚ್ಚಿರುತ್ತಾರೆ, ಹರಿದ ಬಲೆಗಳನ್ನು ಹರವಿ ಕೂತಿರುತ್ತಾರೆ. ಆಗಸ್ಟ್ ಬಂದರೆ ಮಾತಿಗೆ ಸಿಗುವುದಿಲ್ಲ. ಆತನನ್ನು ಕಚೇರಿಗೆ ಕರೆಸಬಾರದು, ಬಲೆ ಇರುವಲ್ಲಿಗೇ ಹೋಗಿ ನೆಲಕ್ಕೆ ಕೂರಬೇಕು. ಜುಲೈ ಕೊನೆಯ ವಾರ ಮೇಲ್ವಿಚಾರಕಿ, ಇಂಟರ್ನ್ ಇಬ್ಬರೂ ಹೋದರು.

"ಮಾಸ್ತರ್ರೇ, ಹುಡುಗ ಒಂದನೇ ತಾರೀಖಿಗೆ ಬೋಟಿನ ಮೇಲಿರ್ಬೇಕು. ನಿಮ್ಮ ಪರೀಕ್ಷೆ ಮತ್ತೆ ಬರ್ತದೆ. ಮೊದಲ ಶೆಟ್ಲಿ ಮತ್ತೆ ಬರೂದಿಲ್ಲ."

ಶೆಟ್ಲಿ ಎಂದರೆ ಸಿಗಡಿ. ಆತನ ಮಾತಿನಲ್ಲಿ ಹುರುಳಿದೆ. ಸೀಸನ್ನಿನ ಮೊದಲ ವಾರಗಳ ದುಡಿಮೆ ಎರಡು ತಿಂಗಳ ಸಾಲ ತೀರಿಸುತ್ತದೆ. ಶಿಕ್ಷಣದ ಮಹತ್ವದ ಬಗ್ಗೆ ಭಾಷಣ ಮಾಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮೇಲ್ವಿಚಾರಕಿ ಮೂರು ವಿಷಯ ಮಾತ್ರ ಎತ್ತಿದರು. ಒಂದು, ಕಾನೂನು: 18 ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ ಎಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ, ಅಪಾಯವಿಲ್ಲದ ಕೆಲಸಕ್ಕೂ ಮಿತಿಯಿದೆ, ದಿನಕ್ಕೆ ಬಿಡುವು ಸೇರಿ ಆರು ಗಂಟೆ, ಮೂರು ಗಂಟೆಗೊಮ್ಮೆ ಒಂದು ಗಂಟೆ ವಿಶ್ರಾಂತಿ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ. ಬೆಳಗಿನ ಜಾವದ ಮೀನು ವಿಂಗಡಣೆ ಹೇಗೂ ಈ ಮಿತಿಯ ಹೊರಗೆ. ಯಾವ ಕೆಲಸ ಅಪಾಯದ ಪಟ್ಟಿಯಲ್ಲಿದೆ ಎಂಬುದನ್ನು ಸಂಸ್ಥೆಯವರು ಊಹಿಸಬಾರದು, ಕಾರ್ಮಿಕ ನಿರೀಕ್ಷಕರನ್ನು ಕೇಳಿ ತಿಳಿದುಕೊಂಡು ಹೋಗಬೇಕು. ಇಲ್ಲಿ ಹಾಗೆಯೇ ಮಾಡಿದ್ದರು. ಎರಡು, ದಿನಾಂಕ: ಪರೀಕ್ಷೆ ಮುಗಿಯುವುದು ಆಗಸ್ಟ್ ಎರಡನೇ ವಾರದೊಳಗೆ, ನಾರಳಿ ಹುಣ್ಣಿಮೆ ಇರುವುದು 19ಕ್ಕೆ. ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಆ ಹುಣ್ಣಿಮೆಯವರೆಗೆ ಹುಡುಗನನ್ನು ಬಿಡಿ ಎಂದು ಕೇಳಿದರು. ಪರೀಕ್ಷಾ ಮಂಡಳಿಯ ದಿನಾಂಕಕ್ಕೆ ತಾಂಡೇಲ ತಲೆಯಾಡಿಸಿರಲಿಲ್ಲ. ಹುಣ್ಣಿಮೆಯ ಲೆಕ್ಕ ಅವನದೇ ಲೆಕ್ಕ.

ಮೂರನೆಯದು ಎಂಜಿನ್. ಹುಡುಗ ಬಂದರಿನಲ್ಲಿ ಕೆಲಸವಿಲ್ಲದಾಗ ಹೋಗಿ ನಿಲ್ಲುತ್ತಿದ್ದುದು ಡೀಸೆಲ್ ಎಂಜಿನ್ ಬಿಚ್ಚುವವರ ಬಳಿ. ಇದೂ ಆ 20 ನಿಮಿಷದ ಮಾತಿನಲ್ಲಿ ತಿಳಿದದ್ದು. ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಟ್ರೇಡ್, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ವೆಲ್ಡರ್ ಕೂಡ ಒಂದು ವರ್ಷ, ಅದಕ್ಕೆ ಎಂಟನೇ ತರಗತಿ ಸಾಕು. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡೆರಡು ವರ್ಷ, ಹತ್ತನೆಯದು ಬೇಕು. ಕಡಲ ನಡುವೆ ಎಂಜಿನ್ ನಿಂತರೆ ಏನಾಗುತ್ತದೆ ಎಂಬುದನ್ನು ತಾಂಡೇಲನಿಗೆ ಯಾರೂ ಹೇಳಬೇಕಿಲ್ಲ. "ಮನೆಯಲ್ಲೇ ಒಬ್ಬ ಮೆಕ್ಯಾನಿಕ್ ಆದ್ರೆ ಒಳ್ಳೇದೇ" ಎಂದ. ಕಡಲಿಗೆ 18ರವರೆಗೆ ಇಲ್ಲ, ಹುಣ್ಣಿಮೆಯವರೆಗೆ ಯಾವ ಕೆಲಸವೂ ಇಲ್ಲ, ಅಷ್ಟಕ್ಕೆ ಮಾತು ನಿಂತಿತು. ಮೇಲ್ವಿಚಾರಕಿ ಅದನ್ನು ಬರೆದು ಸಹಿ ಕೇಳಲಿಲ್ಲ. ತಾಂಡೇಲನ ಮಾತಿಗೆ ಸಹಿ ಕೇಳಿದರೆ ನಂಬಿಕೆಯಿಲ್ಲವೆಂದು ಹೇಳಿದಂತೆ. ಫೈಲಿನಲ್ಲಿ ಮಾತ್ರ ದಿನಾಂಕ ಹಾಕಿ ಬರೆದುಕೊಂಡರು.

ಬಿಟ್ಟುಕೊಡುವ ಐದು ವಾರ

2002ರಲ್ಲಿ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಅಮೆರಿಕದ ಸಂಶೋಧಕಿಯರು 10ರಿಂದ 16 ವಯಸ್ಸಿನ ಮಕ್ಕಳ ಮಾರ್ಗದರ್ಶನದ ಅವಧಿಯ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಎಲ್ಲರೂ ತಿಳಿದಿರಬೇಕಾದದ್ದು. ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಪ್ರಯೋಜನ ಕಂಡಿತು. ಮೂರು ತಿಂಗಳೊಳಗೆ ಮುರಿದ ಜೋಡಿಗಳಲ್ಲಿ ಮಕ್ಕಳ ಆತ್ಮಗೌರವ, ಓದಿನ ಬಗೆಗಿನ ಭರವಸೆ ಮೊದಲಿಗಿಂತ ಕೆಳಗಿಳಿಯಿತು. ಅಂದರೆ ಅರ್ಧಕ್ಕೆ ಬಿಟ್ಟ ಮಾರ್ಗದರ್ಶನ ಪ್ರಯೋಜನವಿಲ್ಲದ್ದಷ್ಟೇ ಅಲ್ಲ, ಗಾಯ ಮಾಡುತ್ತದೆ. 16 ವಾರದ ಇಂಟರ್ನ್ ಈ ಗಡಿಯ ಮೇಲೆಯೇ ನಿಂತಿರುತ್ತಾನೆ. ಆದ್ದರಿಂದ ಒಬ್ಬ ಹುಡುಗನ ಪೂರ್ತಿ ಮಾರ್ಗದರ್ಶಿಯಾಗಿ ಇಂಟರ್ನ್‌ನನ್ನು ಒಬ್ಬನೇ ನಿಲ್ಲಿಸುವುದೇ ತಪ್ಪು. ಊರಲ್ಲೇ ಉಳಿಯುವ ಒಬ್ಬರು ಮೊದಲ ತಿಂಗಳಿನಿಂದಲೇ ಜೋಡಿಯಲ್ಲಿರಬೇಕಿತ್ತು. ಇಲ್ಲಿ ಅದು ಜುಲೈ ನಾಲ್ಕನೇ ವಾರದಲ್ಲಿ ಹೊಳೆಯಿತು. ಸಿಕ್ಕ ಐದು ವಾರವನ್ನು ಮಾತ್ರ ಚೆನ್ನಾಗಿ ಬಳಸಿದರು.

ಹೊಸ ಮಾರ್ಗದರ್ಶಿ ಸದಾಶಿವಗಡ ಕಡೆಯ ಡೀಸೆಲ್ ಮೆಕ್ಯಾನಿಕ್, ಐವತ್ತರ ಆಸುಪಾಸು, ಮನೆಮಾತು ಕೊಂಕಣಿ. ಊರಿನವರು, ಗೊತ್ತಿದ್ದವರು ಎಂದು ಇವರ ಕಾಗದಪತ್ರಗಳಲ್ಲಿ ಒಂದನ್ನೂ ಬಿಡಲಿಲ್ಲ. ಪೊಲೀಸ್ ಪರಿಶೀಲನೆಯೂ ಆಯಿತು.

ಇಂಟರ್ನ್ ಹೋಗುವ ದಿನಾಂಕವನ್ನು ಪರೀಕ್ಷೆಗೆ ಮೊದಲು ಹೇಳಬೇಕೋ ಬೇಡವೋ ಎಂಬ ಚರ್ಚೆ ನಡೆಯಿತು. ಹೇಳಿದರೆ ಓದು ಕೆಡಬಹುದು. ಹೇಳದಿದ್ದರೆ, ಗೊತ್ತಿದ್ದೂ ಮುಚ್ಚಿಟ್ಟರೆಂಬುದು ಉಳಿಯುತ್ತದೆ. ಹೇಳುವುದೇ ಸರಿ. ಜುಲೈ 24ಕ್ಕೆ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಉಳಿದ ಭೇಟಿಗಳನ್ನು ಹುಡುಗನ ಕೈಯಲ್ಲೇ ಗುರುತು ಮಾಡಿಸಿ ಹೇಳಿದರು. ಮುಂದಿನ ಎರಡು ಭೇಟಿಗೆ ಹುಡುಗ ಬರಲಿಲ್ಲ. "ಆಸಕ್ತಿ ಹೋಗಿದೆ" ಎಂದು ಇಂಟರ್ನ್ ಬರೆದ. ಆಸಕ್ತಿ ಹೋದದ್ದಲ್ಲ, ಬಿಟ್ಟುಹೋಗುವವರನ್ನು ತಾನೇ ಮೊದಲು ಬಿಟ್ಟುಬಿಡುವುದು ಈ ವಯಸ್ಸಿನ, ಅದರಲ್ಲೂ ತಂದೆಯನ್ನು ಕಳೆದುಕೊಂಡ ಮಕ್ಕಳಲ್ಲಿ ಸಾಮಾನ್ಯ. ಮೇಲ್ವಿಚಾರಕಿಯ ಸೂಚನೆಯಂತೆ ಇಂಟರ್ನ್ ಬಲೆ ಹೊಲಿಯುವ ಕಡೆ ಹೋಗಿ ಹತ್ತು ನಿಮಿಷ ಪಕ್ಕದಲ್ಲಿ ಕೂತು ಬಂದ. ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. "ಬುಧವಾರ ನಾಲ್ಕಕ್ಕೆ ನಾನು ಅಲ್ಲೇ ಇರ್ತೆ" ಎಂದಷ್ಟೇ ಹೇಳಿದ. ಬುಧವಾರ ಹುಡುಗ ಬಂದ.

ಜಂಟಿ ಭೇಟಿಗಳು ನಾಲ್ಕು. ಮೊದಲನೆಯದರಲ್ಲಿ ಇಂಟರ್ನ್ ನಡೆಸುತ್ತಾನೆ, ಮೆಕ್ಯಾನಿಕ್ ಕೇಳುತ್ತಾರೆ. ಎರಡನೆಯದು ಅರ್ಧರ್ಧ. ಮೂರನೆಯದನ್ನು ಮೆಕ್ಯಾನಿಕ್ ನಡೆಸುತ್ತಾರೆ, ಇಂಟರ್ನ್ 20 ನಿಮಿಷಕ್ಕೆ ಎದ್ದು ಹೋಗುತ್ತಾನೆ. ನಾಲ್ಕನೆಯದಕ್ಕೆ ಇಂಟರ್ನ್ ಬರುವುದೇ ಇಲ್ಲ, ಆದರೆ ಇನ್ನೂ ಊರಲ್ಲೇ ಇರುತ್ತಾನೆ. ಈ ನಾಲ್ಕನೆಯದನ್ನು ಎಲ್ಲರೂ ಬಿಡುತ್ತಾರೆ. ಹೊಸ ಜೋಡಿ ಕೂಡಿಬರದಿದ್ದರೆ ಸರಿಪಡಿಸಲು ಹಳಬ ಇನ್ನೂ ಕೈಗೆ ಸಿಗುವಾಗಲೇ ಗೊತ್ತಾಗಬೇಕು. ಎರಡನೇ ಭೇಟಿ ಆಗಸ್ಟ್ 7ಕ್ಕಿತ್ತು. ಆ ದಿನ ನಡುರಾತ್ರಿ ಕಳೆದ ಮೇಲೆ ಹಳೆಯ ಕಾಳಿ ಸೇತುವೆ ಕುಸಿದಿತ್ತು, ಮೆಕ್ಯಾನಿಕ್ ನದಿಯ ಆಚೆ ದಡದವರು. ಈ ಸಲ ಬೆಳಿಗ್ಗೆ ಎಂಟಕ್ಕೇ ಹುಡುಗನಿಗೆ ಸುದ್ದಿ ಹೋಯಿತು, ಭೇಟಿ ಎರಡು ದಿನ ಮುಂದಕ್ಕೆ ಹೋಯಿತು.

ಕೊನೆಯ ದಿನ "ಬರ್ತಾ ಇರ್ತೆ" ಎನ್ನಬಾರದೆಂದು ಇಂಟರ್ನ್‌ಗೆ ಹೇಳಲಾಗಿತ್ತು. ಮಾಡಲಾಗುವುದನ್ನೇ ಹೇಳಿದ: ಮೂರು ತಿಂಗಳು, ತಿಂಗಳ ಮೊದಲ ಭಾನುವಾರ ಸಂಜೆ ಐದಕ್ಕೆ, ಟ್ರಸ್ಟಿನ ಫೋನಿಗೆ ಕರೆ. ಮೂರು ಕರೆಗಳೂ ಬಂದವು.

ಆಮೇಲೆ

ಪರೀಕ್ಷೆ-3ರಲ್ಲೂ ಗಣಿತ ಪಾಸಾಗಲಿಲ್ಲ. ಪರೀಕ್ಷೆ-2ಕ್ಕಿಂತ ಅಂಕ ಹೆಚ್ಚಿತ್ತು. ನಕ್ಷೆಯ ಪ್ರಶ್ನೆ, ಪ್ರಮೇಯ ಎರಡನ್ನೂ ಬರೆದಿದ್ದ, ಪದಗಳಲ್ಲಿ ಕೊಟ್ಟ ಲೆಕ್ಕಗಳು ಬಿಟ್ಟುಹೋಗಿದ್ದವು. ಮೆಕ್ಯಾನಿಕ್ ಡೀಸೆಲ್ ಆ ವರ್ಷಕ್ಕೆ ಕೈತಪ್ಪಿತು. ವೆಲ್ಡರ್‌ಗೆ ಸೇರಬಹುದೆಂದು ಹೇಳಿದರೂ ಹುಡುಗ ಬೇಡವೆಂದ. ಮೆಕ್ಯಾನಿಕ್ ಒತ್ತಾಯಿಸಲಿಲ್ಲ, ಟ್ರಸ್ಟೂ ಒತ್ತಾಯಿಸಲಿಲ್ಲ. ನಾರಳಿ ಹುಣ್ಣಿಮೆಯ ನಂತರ ಹಗಲು ಹೊತ್ತು ಗ್ಯಾರೇಜಿನಲ್ಲಿ ಸಾಮಾನು ಎತ್ತಿಕೊಡುವ, ಬಿಡಿಭಾಗ ತೊಳೆಯುವ ಕೆಲಸಕ್ಕೆ, ನಿರೀಕ್ಷಕರು ಹೇಳಿದ ಮಿತಿಯೊಳಗೆ, ಹೋಗತೊಡಗಿದ. ಮುಂದಿನ ವರ್ಷದ ಪರೀಕ್ಷೆ-1ಕ್ಕೆ ಶಾಲೆಯಲ್ಲಿ ಹೆಸರು ಕೊಟ್ಟ. ಪದಗಳ ಲೆಕ್ಕಕ್ಕೆ ಅರಿವು ಕೇಂದ್ರದಲ್ಲಿ ವಾರಕ್ಕೆರಡು ಸಂಜೆ, ಕೊಂಕಣಿಯಲ್ಲಿ ಓದಿ ಕನ್ನಡದಲ್ಲಿ ಬರೆಯುವ ಕ್ರಮ ಮುಂದುವರಿಯಿತು. ಬಂದರಿನ ರಾತ್ರಿ ಕೆಲಸ ನಿಂತಿದೆ ಎಂದು ತಾಯಿ ಹೇಳುತ್ತಾರೆ. ಪೂರ್ತಿ ನಿಂತಿಲ್ಲವೆಂದು ಮೆಕ್ಯಾನಿಕ್ ಅಂದಾಜು.

ಮೂರನೇ ತಿಂಗಳ ಪರಿಶೀಲನೆಯಲ್ಲಿ ಮೇಲ್ವಿಚಾರಕಿ ಫೈಲಿನ ಒಳಮೈ ಹಾಳೆಗೆ ಎರಡು ಸಾಲು ಸೇರಿಸಿದರು. ನೋಂದಣಿ ಖಚಿತವಾಯಿತೇ ಎಂದು ಡಿಸೆಂಬರ್‌ನಲ್ಲಿ ಶಾಲೆಗೆ ಹೋಗಿ ಕೇಳಬೇಕು, ಹೊಣೆ ತನ್ನದು. ಜನವರಿಯಲ್ಲಿ ಹೊಸ ಇಂಟರ್ನ್‌ಗಳು ಬರುತ್ತಾರೆ, ಅವರಲ್ಲಿ ಯಾರನ್ನೂ ಈ ಹುಡುಗನ ಜೊತೆ ಜೋಡಿಸಬಾರದು.